ಒಂಬತ್ತನೇ ಗುಂಡಿ

೧
ಈ ಕಥೆಯನ್ನು ಎಲ್ಲಿಂದ ಶುರು ಮಾಡೋಣ, ನೀವೇ ಹೇಳಿ. "ವರ್ಣಭೇದ, ವಲಸೆ, ಪೌರತ್ವ: ಸ್ಥಳೀಯ ಸಮುದಾಯಗಳೊಂದಿಗೆ ಒಂದು ಅಧ್ಯಯನ" ಎಂಬ ವಿಶ್ವವಿದ್ಯಾಲಯದ ಬ್ಯಾನರಿನಿಂದ ಶುರು ಮಾಡಿದರೆ ನೀವು ಎರಡನೇ ಸಾಲಿಗೇ ಆಕಳಿಸುತ್ತೀರಿ. (ನಾನು ಬರೆಯುವಾಗಲೇ ಆಕಳಿಸಿದೆ.) ಆ ಡ್ರಾಫ್ಟು ಕಸದ ಬುಟ್ಟಿಗೆ ಹೋಯಿತು.

೧ (ಮತ್ತೆ)
ಬಟ್ಟೆ ಆಲ್ಟರ್ ಮಾಡಿಕೊಡುವ ಅಂಗಡಿಯ ದರ್ಜಿಯನ್ನು ಬೀದಿಯವರೆಲ್ಲ ಚಿಕ್ಕಮ್ಮ ಎನ್ನುತ್ತಾರೆ. ಈ ದೇಶಕ್ಕೆ ಬಂದು ಇಪ್ಪತ್ತೊಂದು ವರ್ಷ. ಮಗಳು ಇಲ್ಲೇ ಹುಟ್ಟಿದವಳು, ಇಲ್ಲಿನ ಪ್ರಜೆ. ಚಿಕ್ಕಮ್ಮ ಇನ್ನೂ ಅಲ್ಲ. ವಿಮಾನ ನಿಲ್ದಾಣದಲ್ಲಿ ಮಗಳಿಗೊಂದು ಸಾಲು, ತಾಯಿಗೊಂದು ಸಾಲು. ಮಗಳು ಐದು ನಿಮಿಷದಲ್ಲಿ ದಾಟಿ, ಆ ಕಡೆ ಸೂಟ್‌ಕೇಸಿನ ಮೇಲೆ ಕೂತು ಕಾಯುತ್ತಾಳೆ. ಮಗಳ ಜೊತೆ ಒಂದೇ ಸಾಲಿನಲ್ಲಿ ನಿಲ್ಲಬೇಕು, ಚಿಕ್ಕಮ್ಮನಿಗೆ ಬೇಕಾದದ್ದು ಇಷ್ಟೇ. ಪೌರತ್ವದ ಕಚೇರಿಯವರು ಗುರುವಾರ ಸಂದರ್ಶನಕ್ಕೆ ಬರಲು ಕರೆದಿದ್ದರು.

೨
ಅದಕ್ಕೂ ಮೊದಲು, ಸೋಮವಾರ, ವಿಶ್ವವಿದ್ಯಾಲಯದ ಆ ಅಧ್ಯಯನದವರ ಸರದಿ. ಪ್ರಶ್ನೆ ಕೇಳಿ ಬರೆದುಕೊಳ್ಳುವವರೆಲ್ಲ ಒಳಗೊಳಗೆ ನೆಂಟರೇ ಎಂಬುದು ಚಿಕ್ಕಮ್ಮನ ಗಟ್ಟಿ ನಂಬಿಕೆ. ಇಲ್ಲಿ ಆಡಿದ ಮಾತು ಪೌರತ್ವದ ಕಚೇರಿಗೆ ಮುಟ್ಟದೆ ಇರುತ್ತದೆಯೇ? ಹಾಗಾಗಿ ಇಸ್ತ್ರಿ ಮಾಡಿದ ಕೋಟು ತೊಟ್ಟು, ಇಪ್ಪತ್ತೊಂದು ವರ್ಷದ ಕಾಗದಪತ್ರಗಳ ಫೈಲು ಅಪ್ಪಿಕೊಂಡು ಹೋದಳು. ಮುಂದಿಟ್ಟ ಫಾರಮ್ಮಿಗೆ ಓದದೆಯೇ ಸಹಿ ಹಾಕಿದಳು.

"ಇಲ್ಲಿ ಯಾರಾದ್ರೂ ನಿಮ್ಮನ್ನ ಬೇರೆ ಥರ ನಡೆಸ್ಕೊಂಡಿದ್ದಾರಾ?" ಸಂಶೋಧಕಿ ಕೇಳಿದಳು.

"ಅಯ್ಯೋ, ಇಲ್ಲಮ್ಮ! ಎಲ್ಲಾ ದೇವರಂಥ ಜನ."

"ಒಂದ್ಸಲಾನೂ?"

"ಒಂದ್ಸಲಾನೂ ಇಲ್ಲ. ಮಗಳ ಒಂದನೇ ಕ್ಲಾಸಿನ ಅಂಕಪಟ್ಟಿ ತೋರಿಸ್ಲಾ?"

ಸಂಶೋಧಕಿ ರೆಕಾರ್ಡರ್ ಆರಿಸಿ, ಸಹಿಯಾದ ಫಾರಮ್ಮನ್ನೇ ಓದಿ ಹೇಳಿದಳು. "ಇಷ್ಟ ಇಲ್ಲದ ಪ್ರಶ್ನೆ ಬಿಡಬಹುದು. ಯಾವಾಗ ಬೇಕಾದ್ರೂ ಎದ್ದು ಹೋಗಬಹುದು. ಕಾರಣ ಹೇಳಬೇಕಾಗಿಲ್ಲ. ಆಡಿದ ಮಾತು ಯಾವ ಕಚೇರಿಗೂ ಹೋಗಲ್ಲ."

"ಹಿಂಗೂ ಒಂದು ಕಾಗದ ಇರುತ್ತಾ? ಇನ್ನೊಂದ್ಸಲ ಓದಮ್ಮ."

ಮೂರು ಸಲ ಓದಿಸಿಕೊಂಡಳು. ಆಮೇಲೆ ಬಾಯಿ ಬಿಟ್ಟವಳು ಎರಡು ಗಂಟೆ ಮುಚ್ಚಲಿಲ್ಲ.

೩
(ಇಲ್ಲಿ ಸಂಶೋಧಕಿಯಿಂದ ಒಂದು ಪುಟದ ಭಾಷಣ ಮಾಡಿಸಿದ್ದೆ. ಚಿಕ್ಕಮ್ಮ ತಡೆದಳು. "ಭಾಷಣ ಯಾಕಪ್ಪಾ? ಗುಂಡಿ ವಿಷ್ಯ ಬರಿ." ಆಗಲಿ, ಬರೆಯುತ್ತೇನೆ.)

ಹನ್ನೊಂದು ವರ್ಷದ ಖಾಯಂ ಗಿರಾಕಿ ಒಬ್ಬಳಿದ್ದಾಳೆ. ಕೋಟು ಕೊಡುವಾಗ ಚಿಕ್ಕಮ್ಮನ ಎದುರಿಗೇ ಗುಂಡಿ ಎಣಿಸುತ್ತಾಳೆ, ಒಯ್ಯುವಾಗ ಮತ್ತೆ ಎಣಿಸುತ್ತಾಳೆ. ಪಕ್ಕದಲ್ಲಿ ನಿಂತ ಬೇರೆ ಗಿರಾಕಿಗಳ ಮುಂದೆ ಚಿಕ್ಕಮ್ಮನ ಮುಖ ಪ್ರತಿ ಸಲವೂ ಬಿಸಿಯಾಗುತ್ತದೆ.

"ಕೊನೆಗೆ ಏನ್ ಮಾಡಿದೆ ಗೊತ್ತಾ? ಅಂಥದ್ದೇ ಇನ್ನೊಂದು ಗುಂಡಿ ಹೊಲಿದುಬಿಟ್ಟೆ. ಎಂಟು ಕೊಟ್ಟಿದ್ದಳು, ಒಂಬತ್ತು ವಾಪಸ್. ಮೂರು ಸಲ ಎಣಿಸಿದಳು ಕಣಮ್ಮಾ! ಬಯ್ಯೋ ಹಾಗೂ ಇಲ್ಲ, ಬಿಡೋ ಹಾಗೂ ಇಲ್ಲ."

ಸಂಶೋಧಕಿ ಕುರ್ಚಿಯಿಂದ ಜಾರುವಷ್ಟು ನಕ್ಕಳು. ಕಣ್ಣೊರೆಸಿಕೊಳ್ಳಲು ಚಿಕ್ಕಮ್ಮನೇ ಚೀಲದಿಂದ ಲೈನಿಂಗ್ ಬಟ್ಟೆಯ ಚೂರು ತೆಗೆದುಕೊಟ್ಟಳು. ಆ ಚೂರನ್ನೇ ಮತ್ತೆ ಇಸಿದುಕೊಂಡು ತಾನೂ ಒರೆಸಿಕೊಂಡಳು.

೪
ಗುರುವಾರ. ಅಧಿಕಾರಿ ಕೇಳಿದ್ದಕ್ಕೆಲ್ಲ ಚಿಕ್ಕಮ್ಮ ಪಟಪಟನೆ ಉತ್ತರಿಸಿದಳು. ಕೊನೆಗೆ ಆತ ಕನ್ನಡಕ ತೆಗೆದು, "ನಿಜ ಹೇಳಿ, ನಿಮ್ಮ ಮನಸ್ಸಿರೋದು ಈ ದೇಶದಲ್ಲೋ, ಆ ದೇಶದಲ್ಲೋ?" ಎಂದ.

"ಈ ಪ್ರಶ್ನೆ ಬೇಡ ಸಾರ್. ಮುಂದಿನದು ಕೇಳಿ."

"ಬೇಡ ಅಂದ್ರೆ?"

"ಬಿಡಬಹುದು ಸಾರ್. ಕಾರಣ ಹೇಳಬೇಕಾಗಿಲ್ಲ."

ಅಂಥ ನಿಯಮ ಎಲ್ಲಿದೆ ಎಂದು ಅಧಿಕಾರಿ ತನ್ನ ಫೈಲನ್ನೆಲ್ಲ ಮಗುಚಿ ಹಾಕಿದ. ಸಿಗಲಿಲ್ಲ. ಏನೋ ಗೀಚಿಕೊಂಡು, ಹೋಗಬಹುದು ಎಂದ. ಚಿಕ್ಕಮ್ಮ ಬಾಗಿಲಲ್ಲಿ ತಿರುಗಿ, "ನಿಮ್ಮ ಕೋಟಿನ ಎಡತೋಳು ಅರ್ಧ ಇಂಚು ಉದ್ದ ಇದೆ, ತಂದುಕೊಡಿ" ಎಂದೂ ಹೇಳಿದಳು!

ಹೊರಗಿನ ಮೆಟ್ಟಿಲಿಗೆ ಬಂದಾಗ ಹೊಳೆಯಿತು, ಆ ಕಾಗದ ವಿಶ್ವವಿದ್ಯಾಲಯದ್ದು, ಈ ಕಚೇರಿಯದಲ್ಲ. ಇಪ್ಪತ್ತೊಂದು ವರ್ಷ ಬಾಯಿ ಬಿಗಿಹಿಡಿದು ಕೂಡಿಸಿದ್ದನ್ನು ಒಂದೇ ಮಾತಿನಲ್ಲಿ ಕೆಡಿಸಿಕೊಂಡೆನಲ್ಲ ಎಂದು ಅಲ್ಲೇ ಕೂತು ಅತ್ತಳು. ಕಾಯುತ್ತಿದ್ದ ಮಗಳು ಎಲ್ಲ ಕೇಳಿ, "ಅಮ್ಮಾ, ತೋಳಿನ ವಿಷ್ಯಾನೂ ಹೇಳಿದ್ಯಾ?" ಎಂದು ಬಿದ್ದು ಬಿದ್ದು ನಕ್ಕಳು.

೫
ಲಕೋಟೆ ಬಂತು.

ಕೊನೆ ಅ: ಒಳಗೆ ಒಪ್ಪಿಗೆ. ತಾಯಿ ಮಗಳು ಒಂದೇ ಸಾಲಿನಲ್ಲಿ. (ತೀರಾ ಸಿನಿಮಾ ಆಯಿತು.)

ಕೊನೆ ಆ: ಒಳಗೆ ನಿರಾಕರಣೆ. ಅಧ್ಯಯನದ ವರದಿಗೆ ಮಾತ್ರ ಬಹುಮಾನ. (ನನಗೇ ನನ್ನ ಮೇಲೆ ಸಿಟ್ಟು ಬಂತು. ಹರಿದು ಹಾಕಿದೆ.)

ಕೊನೆ ಇ: ಲಕೋಟೆ ಒಡೆಯುವ ಮೊದಲೇ ಅಧಿಕಾರಿ ಕೋಟು ಹಿಡಿದುಕೊಂಡು ಅಂಗಡಿಗೆ...

"ಕೊಡಪ್ಪ ಇಲ್ಲಿ," ಚಿಕ್ಕಮ್ಮ ನನ್ನ ಪೆನ್ನಿನಡಿಯಿಂದ ಲಕೋಟೆ ಕಿತ್ತುಕೊಂಡಳು.

"ಓದುಗರು ಕಾಯ್ತಾ ಇದ್ದಾರೆ ಚಿಕ್ಕಮ್ಮ!"

"ಕಾಯಲಿ. ನಾನು ಕಾದಿಲ್ವಾ?"

"ಒಳಗೆ ಏನಿದೆ ಅಂತಾದ್ರೂ..."

"ಈ ಪ್ರಶ್ನೆ ಬೇಡ."

ಕತ್ತರಿ ಚೀಲಕ್ಕೆ ಹಾಕಿಕೊಂಡಳು, ಮಗಳನ್ನು ಕರೆದಳು, ಎದ್ದು ಹೊರಟೇಬಿಟ್ಟಳು. ನಾನು ಕಾರಣ ಕೇಳುವ ಹಾಗೂ ಇರಲಿಲ್ಲ. ಕಾಗದ ಹರಿದ ಸದ್ದು, ಅದರ ಹಿಂದೆಯೇ ಮೆಟ್ಟಿಲ ಮೇಲೆ ತಾಯಿ ಮಗಳು ಇಬ್ಬರೂ ನಕ್ಕದ್ದು ಕೇಳಿಸಿತು. ಒಳ್ಳೆಯ ಸುದ್ದಿಗೋ, ಕೆಟ್ಟ ಸುದ್ದಿಗೋ, ಒಂಬತ್ತನೇ ಗುಂಡಿಗೋ, ನನ್ನನ್ನು ಕೇಳಬೇಡಿ.