ಅಮಾವಾಸ್ಯೆ ಕಳೀಲಿ

ಮಾಚೇನಹಳ್ಳಿಯಲ್ಲಿ ಬಸ್ಸು ನಿಂತಾಗ ಒಳಗೆ ನುಗ್ಗಿದ್ದು ಕಾರ್ಖಾನೆಗಳ ಕಾದ ಕಬ್ಬಿಣದ ವಾಸನೆ, ಇಂಪನಾ ಕಿಟಕಿ ಎಳೆದಳು, ಅದು ಅಲ್ಲಾಡಲಿಲ್ಲ, ಸಾಯಲಿ, ಅಮೆರಿಕದ ಆಸ್ಪತ್ರೆಗಳು ನಾಳೆ ಅರ್ಜಿಗಳನ್ನು ತೆರೆದು ನೋಡುತ್ತವೆ, ಅಲ್ಲಿ ತರಬೇತಿಯ ಕೆಲಸ, ರೆಸಿಡೆನ್ಸಿ, ಕೇಳಿದ ಅವಳಂಥ ಹೊರದೇಶದ ಡಾಕ್ಟರುಗಳು ಸಾವಿರಾರು, ಮೂರು ಶಿಫಾರಸು ಪತ್ರ ಇಲ್ಲದವರನ್ನು ಮೊದಲ ಜರಡಿಯಲ್ಲೇ ಉದುರಿಸಿಬಿಡುತ್ತಾರೆ, ಎರಡು ಬಂದಿವೆ, ಮೂರನೆಯದು ಭದ್ರಾವತಿಯ ಹೊನ್ನಯ್ಯ ಸರ್ ಹತ್ತಿರ — ಕಾಲೇಜಿನಲ್ಲಿ ಸರ್ಜರಿ ಕಲಿಸಿದವರು, ನಿವೃತ್ತಿಯ ಮೇಲೆ ಕ್ಲಿನಿಕ್ ಇಟ್ಟವರು, ಅವಳ ಕೈಗೆ ಮೊದಲ ಸಲ ಹೊಲಿಗೆಯ ಸೂಜಿ ಕೊಟ್ಟವರು — ಯುಗಾದಿಯಲ್ಲಿ ಕೇಳಿದಾಗ ನಿನಗೆ ಕೊಡದೆ ಇನ್ಯಾರಿಗೆ ಕೊಡ್ಲಮ್ಮ ಅಂದಿದ್ದರು, ಆಮೇಲೆ ಆಷಾಢ ಕಳೀಲಿ ಅಂದರು, ಕಳೆಯಿತು, ಗೌರಿಹಬ್ಬಕ್ಕೆ ಮಗಳು ಬರ್ತಾಳೆ ಹಬ್ಬ ಕಳೀಲಿ ಅಂದರು, ಮಗಳು ಬಂದೂ ಹೋದಳು, ಮೊನ್ನೆ ಫೋನಿನಲ್ಲಿ ಪಿತೃಪಕ್ಷ ಅಲ್ವೇನೆ ಮಾರಾಯ್ತಿ, ಒಳ್ಳೇ ಕೆಲಸಕ್ಕೆ ಈಗ ಕೈ ಹಾಕಿ ನಿನಗೇ ಕೆಟ್ಟದು ಮಾಡ್ಲಾ, ಅಮಾವಾಸ್ಯೆ ಕಳೀಲಿ. ಕಳೀಲಿ ಕಳೀಲಿ, ಅಪೆಂಡಿಕ್ಸ್ ಒಡೆದು ಬಂದವನಿಗೂ ಹೀಗೇ ಹೇಳುತ್ತಾರಾ, ರವೀಂದ್ರನಗರದ ಮನೆಯ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಓದಿದ್ದು, ಹೆಣ್ಣು ನೋಡಲು ಬಂದವರಿಗೆ ತಲೆನೋವೆಂದು ಮುಖ ತೋರಿಸದೆ ಮಲಗಿದ್ದು, ಇದೊಂದೇ ವರ್ಷ ನೋಡು, ಆಮೇಲೆ ನಾನು ಹೇಳಿದ ಹಾಗೆ ಎಂದ ಅಪ್ಪ, ಎಲ್ಲವೂ ಆ ಮನುಷ್ಯನ ಪಂಚಾಂಗಕ್ಕೆ ಹೋಗಿ ನೇತುಬಿದ್ದಿದೆ.

ಕ್ಲಿನಿಕ್ಕಿನ ಬೆಂಚು ಖಾಲಿ, ಕಾಯಿಲೆಗಳಿಗೂ ಪಿತೃಪಕ್ಷವಿರಬೇಕು, ಬಾರಮ್ಮ, ಟೀ ಕುಡೀತೀಯ, ಒಳಗಿಂದ ಹೊನ್ನಯ್ಯ ಸರ್, ಟೀ ಬೇಡ ಸರ್, ಪತ್ರ, ಅವರು ನಕ್ಕರು, ಒಂದು ಕಾಲದಲ್ಲಿ ಆ ನಗು ಅವಳಿಗೆ ಇಷ್ಟ, ಈಗ ಮೈಯೆಲ್ಲ ಉರಿಯುತ್ತಿದೆ, ಬರೆದಿಟ್ಟಿದೀನಿ ಕಣೆ, ಹೊಗಳಿ ಹೊಗಳಿ ಬರೆದಿದೀನಿ, ಎಂದು ಫೋನನ್ನು ಮೇಜಿನ ಮೇಲೆ ಅವಳತ್ತ ತಳ್ಳಿದರು, ಪರದೆಯಲ್ಲಿ ನೀಲಿ ಬಟನ್ನು, ಒತ್ತಿದರೆ ಪತ್ರ ಹೋಯಿತು, ನಾನು ಮಾಡಿದ್ರೆ ತಾನೇ ದೋಷ, ನೀನೇ ಒತ್ತು. ಅವಳ ಕೈ ಹೋಗಿಯೇಬಿಟ್ಟಿತ್ತು, ಅರ್ಧಕ್ಕೆ ನಿಂತಿತು — ಪತ್ರವನ್ನು ನಾನು ನೋಡುವುದಿಲ್ಲ, ಮುಟ್ಟುವುದಿಲ್ಲ, ಬರೆದವರೇ ಕಳಿಸುತ್ತಾರೆ ಎಂದು ಅರ್ಜಿಯಲ್ಲಿ ಅವಳು ಒಪ್ಪಿ ಸಹಿ ಹಾಕಿದ್ದಾಳೆ, ಗೊತ್ತಾದರೆ ಈ ವರ್ಷವಲ್ಲ, ಯಾವ ವರ್ಷವೂ ಇಲ್ಲ, ಸರ್ ಅದು ಮೋಸ ಆಗತ್ತೆ, ಇಲ್ಲಿ ಯಾರು ನೋಡ್ತಾರೆ, ನೀವು ನೋಡ್ತಿದೀರಲ್ಲ ಸರ್, ಅಯ್ಯೋ ನಾನು ಹೊರಗಿನವನೇನೆ. ಅವರ ಕೈಗೆ ದೋಷ ತಗಲಬಾರದು, ಅವಳ ಕೈಗೆ ತಗಲಿದರೆ ಚಿಂತೆಯಿಲ್ಲ, ಸತ್ತ ಅಜ್ಜ ಮುತ್ತಜ್ಜರಿಗೆ ಹೆದರುತ್ತಾರೆ, ಎದುರಿಗೆ ಬದುಕಿ ಕೂತವಳ ಭಯವಿಲ್ಲ, ನೀವೇ ಒತ್ತಿ ಸರ್, ಎಂದಳು, ಇನ್ನೊಮ್ಮೆ ಎಂದಳು, ದನಿ ಏರಿತು, ನೀವು ಒತ್ತೋವರೆಗೂ ನಾನು ಏಳಲ್ಲ, ಅಷ್ಟರಲ್ಲಿ ಪರದೆ ಕಪ್ಪಾಯಿತು, ಹೊನ್ನಯ್ಯ ಸರ್ ತೋರುಬೆರಳಿನಿಂದ ಮೆಲ್ಲಗೆ ತಟ್ಟಿ ಮತ್ತೆ ಬೆಳಗಿಸಿ, ಬೆರಳನ್ನು ಹಿಂದಕ್ಕೆ ಎಳೆದುಕೊಂಡು, ಹೂಂ, ಒತ್ತು ಎಂದರು, ಮತ್ತೆ ಕಪ್ಪಾಯಿತು, ಮತ್ತೆ ಅದೇ ಬೆರಳು, ಬೆಳಗಿಸುವುದಕ್ಕೆ ದೋಷವಿಲ್ಲ ಹಾಗಾದರೆ, ಒಂದು ಅಂಗುಲ ಕೆಳಗೆ ನೀಲಿ ಬಟನ್ನು, ಅಲ್ಲಿಗೆ ಮಾತ್ರ ಇಳಿಯುವುದಿಲ್ಲ, ಎಷ್ಟೋ ಜನರ ಹೊಟ್ಟೆಯೊಳಗೆ ಅಂಜದೆ ಇಳಿದ ಬೆರಳು, ಬೆಳಕು, ಒತ್ತಮ್ಮ, ಕಪ್ಪು, ಬೆರಳು, ಬೆಳಕು, ಒತ್ತೇ ಮಾರಾಯ್ತಿ, ಕಪ್ಪು, ಬೆರಳು —