ಹಬ್ಬ ಮುಗಿದ ಮೇಲೂ ನಿಲ್ಲದ ಕೈ

ರಂಜಾನ್ ಇರುವಷ್ಟು ದಿನ ಇನ್ಸಾಫ್ ಬಚಾವಾಗಿದ್ದಳು. ಬಲಗೈ ನಡುಗಿದರೆ "ಉಪವಾಸ ಅಲ್ವಾ, ನಿಶ್ಶಕ್ತಿ" ಎಂದುಬಿಡುತ್ತಿದ್ದಳು. ಈಜಿಪ್ಟಿನ ಲಕ್ಸರ್‌ನಲ್ಲಿ ಆ ಮಾತನ್ನು ಅನುಮಾನಿಸುವವರು ಯಾರು? ಈಗ ಹಬ್ಬವೂ ಮುಗಿದಿತ್ತು. ಬೆಳಿಗ್ಗೆ ಹೊಟ್ಟೆ ತುಂಬ ಬೇಯಿಸಿದ ಕಾಳು, ರೊಟ್ಟಿ ತಿಂದು ಬಂದಿದ್ದಳು. ಹಾಳು ಕೈ ಮಾತ್ರ ನಿಂತಿರಲಿಲ್ಲ.

ಪುರಾತನ ಗೋರಿಗಳ ಗೋಡೆಚಿತ್ರಗಳ ಚರಿತ್ರೆ ಬರೆದು ಡಾಕ್ಟರೇಟ್ ಪಡೆದವಳು, ಉದುರಿದ ಚೂರುಗಳನ್ನು ಮತ್ತೆ ಕೂರಿಸಿದವಳು ಅವಳೇ. ಇವತ್ತು ಉಳಿದಿದ್ದು ಚಿತ್ರದಲ್ಲಿ ಹಾರ್ಪ್ ಎಂಬ ತಂತಿವಾದ್ಯ ನುಡಿಸುವ ಹೆಂಗಸಿನ ಕಣ್ಣು, ಉಗುರಿನಷ್ಟು ಚೂರು. ಹಸಿ ಗಾರೆಯ ಮೇಲೆ ಒಂದೇ ಸಲಕ್ಕೆ ಇಡಬೇಕು. ಜಾರಿದರೆ ಸಾವಿರಾರು ವರ್ಷದ ಕಣ್ಣು ಪುಡಿಪುಡಿ. ಅದಕ್ಕಿಂತ ಅವಳಿಗೆ ಹೆಚ್ಚು ಭಯವಾಗಿದ್ದು ಪುರಾತತ್ವ ಇಲಾಖೆಯ ಇನ್ಸ್‌ಪೆಕ್ಟರ್ ರಿಫಾತ್ ತನ್ನ ಕೈ ನೋಡಿಬಿಟ್ಟರೆ ಎಂದು. ನೋಡಿದರೆ ಗೋರಿಯೊಳಗೆ ಮತ್ತೆ ಕಾಲಿಡಲು ಬಿಡುವುದಿಲ್ಲ. ಚಿತ್ರಕ್ಕಿಂತ ತನ್ನ ಚಿಂತೆಯೇ ದೊಡ್ಡದಾಯಿತಲ್ಲ ಎಂದು ನಾಚಿಕೆಯೂ ಆಯಿತು.

"ಏನ್ ಡಾಕ್ಟ್ರೇ, ಹಬ್ಬದ ಬಿಸ್ಕತ್ತು ತಿಂದು ತಿಂದು ಕೈ ಭಾರ ಆಯ್ತಾ?" ಬಾಗಿಲಲ್ಲಿ ಟೀ ಹೀರುತ್ತಾ ಕೂತಿದ್ದ ರಿಫಾತ್ ನಕ್ಕ. "ಬೇಗ ಬೇಗ! ಗಾರೆ ಒಣಗ್ತಿದೆ."

ಕಳ್ಳನ ಮನಸ್ಸು ಹುಳ್ಳುಳ್ಳಗೆ. ಅವನಿಗೆ ಗೊತ್ತಾಗಿಯೇ ಹೋಯಿತೇನೋ ಎಂದುಕೊಂಡಳು. ಚಿಮಟದಲ್ಲಿ ಚೂರನ್ನು ಎತ್ತಿದಳು. ಅಂಚಿನಿಂದ ಕಪ್ಪು ಬಣ್ಣದ ಹಕ್ಕಳೆಯೊಂದು ಉದುರಿತು. ತಕ್ಷಣ ಚೂರನ್ನು ಹತ್ತಿಯ ಮೇಲಿಟ್ಟಳು.

"ಬಸ್ಸಂತ್, ಬಾ ಮಗಳೇ, ನೀನೇ ಇಡು," ಎಂದು ಪಕ್ಕದಲ್ಲಿದ್ದ ಶಿಷ್ಯೆಯನ್ನು ಕರೆದಳು. "ಇನ್ನೂ ಎಷ್ಟ್ ದಿನ ಅಂತ ನೋಡ್ತಾ ನಿಂತಿರ್ತೀಯಾ?"

"ಅಯ್ಯೋ, ನಾನಾ?"

"ನೀನೇ. ದೀಪ ನಾನು ಹಿಡೀತೀನಿ."

ಹಿಡಿದಳು. ಗೋಡೆಯ ಮೇಲಿನ ಬೆಳಕೆಲ್ಲ ಗಡಗಡ ನಡುಗಿತು. ಎರಡೂ ಕೈಯಲ್ಲಿ ಬಿಗಿಹಿಡಿದಳು. ಊಹೂಂ, ಇನ್ನೂ ಜೋರಾಯಿತು. ಬಾಗಿಲಲ್ಲಿ ಟೀ ಹೀರುವ ಸದ್ದು ನಿಂತಿತು.

ಬಸ್ಸಂತ್ ಗೋಡೆಯಿಂದ ಕಣ್ಣು ತೆಗೆಯಲಿಲ್ಲ. "ದೀಪ ಕೆಳಗಿಡಿ ಅಮ್ಮಾ, ಇಷ್ಟು ಬೆಳಕು ಸಾಕು," ಎಂದಳು. ಆಮೇಲೆ ಮೆಲ್ಲಗೆ, "ನಂಗೆ ಉಪವಾಸಕ್ಕೆ ಮುಂಚೇನೇ ಗೊತ್ತಿತ್ತು. ನೀವಾಗೇ ಹೇಳ್ತೀರಿ ಅಂತ ಕಾಯ್ತಿದ್ದೆ."

ಕಣ್ಣು ತನ್ನ ಜಾಗದಲ್ಲಿ ಸರಿಯಾಗಿ ಕೂತಿತು. ಇನ್ಸಾಫ್ ಅದನ್ನು ನೋಡಲಿಲ್ಲ. ಟೀ ಲೋಟ ಕೆಳಗಿಟ್ಟ ರಿಫಾತ್ ಫೋನನ್ನು ಕಿವಿಗೆ ಹಿಡಿದು ಹೊರಗೆ ಹೋಗುತ್ತಿದ್ದ.

"ಹಲೋ, ಕೈರೋ ಆಫೀಸಾ? ಇಲ್ಲಿಗೆ ಡಾಕ್ಟ್ರ ಬದಲು ಬೇರೆ ಯಾರನ್ನಾದ್ರೂ ಕಳಿಸ್ಬೇಕು."