ಹನ್ನೊಂದು ಸೆಕೆಂಡಿನ ಗೋಡೆ

ಹೆಗ್ಗನಹಳ್ಳಿಯಲ್ಲಿ ವಾಹನ ತಪಾಸಣೆ ನಡೆಸುವಾಗ ಹೆಡ್ ಕಾನ್‌ಸ್ಟೆಬಲ್ ಮುರುಗೇಶ್ ಹೊಡೆದ ಏಟಿಗೆ ಡೆಲಿವರಿ ಕೆಲಸದ ಅಮರೇಶನ ಕಿವಿಯ ತಮಟೆ ಹರಿದಿತ್ತು. ಪಕ್ಕದಲ್ಲಿದ್ದ ಕಾನ್‌ಸ್ಟೆಬಲ್ ಕಲಾವತಿಯ ಎದೆಯ ಮೇಲಿನ ಕ್ಯಾಮೆರಾದಲ್ಲಿ ಆ ಹೊತ್ತಿಗೆ ದಾಖಲಾಗಿದ್ದುದು ಹನ್ನೊಂದು ಸೆಕೆಂಡು ಬೇಕರಿಯ ಗೋಡೆ ಮಾತ್ರ. ಏಟಿನ ಸದ್ದು ಲಾರಿಯ ಹಾರನ್ನಿನಲ್ಲಿ ಮುಳುಗಿಹೋಗಿತ್ತು.

ಮೂರನೆಯ ದಿನ ಮಧ್ಯಾಹ್ನ ಅವಳು ವಿಚಾರಣಾಧಿಕಾರಿಗೆ ಕೊಡಬೇಕಾದ ಹೇಳಿಕೆ ಬರೆಯಲು ಠಾಣೆಯಲ್ಲಿ ಕುಳಿತಿದ್ದಾಗ ಮುರುಗೇಶ್ ಬಂದರು.

“ಕ್ಯಾಮೆರಾನೇ ನೋಡಿಲ್ಲ, ನೀನು ಎಲ್ಲಿ ನೋಡ್ದೆ ತಾಯಿ? ಗೊತ್ತಿಲ್ಲ ಅಂತ ಬರ್ದು ಊಟಕ್ಕೆ ಬಾ. ನಿನ್ನ ಶೇಂಗಾ ಚಟ್ನಿ ಇಲ್ದೆ ಯಾರೂ ಡಬ್ಬಿ ಮುಟ್ತಾ ಇಲ್ಲ.”

“ನೀವು ಶುರು ಮಾಡಿ ಸಾರ್.”

ಮುರುಗೇಶ್ ಒಳಗೆ ಹೋದರು; ಊಟಕ್ಕೆ ಕೂತಿದ್ದ ಠಾಣೆಯವರ ನಗು ಕೇಳಿಸಿತು. ಈ ಊರಿನಲ್ಲಿ ಅವಳ ಜೊತೆ ಕೂತು ಉಣ್ಣುವವರೆಂದರೆ ಅವರಷ್ಟೇ; ಮಲ್ಲತ್ತಹಳ್ಳಿಯ ಬಾಡಿಗೆ ಕೋಣೆಯಲ್ಲಿ ಅವಳೊಬ್ಬಳೇ.

ಕಲಾವತಿ ಬರೆದಳು: ‘ಮುರುಗೇಶ್ ಅವರ ದನಿ ಏರಿದರೆ ಕ್ಯಾಮೆರಾ ಧರಿಸಿದವರು ಪಕ್ಕಕ್ಕೆ ತಿರುಗುವುದು ನಮ್ಮಲ್ಲಿ ರೂಢಿ. ಅಂದು ನಾನೂ ಬೇಕೆಂದೇ ಗೋಡೆಯ ಕಡೆ ಮೈ ತಿರುಗಿಸಿದೆ. ಕತ್ತು ಮಾತ್ರ ತಿರುಗಿಸಲಿಲ್ಲ. ಅವರು ಹೊಡೆದದ್ದನ್ನು ಕಂಡಿದ್ದೇನೆ.’

ಸಹಿ ಹಾಕಿ ಹಾಳೆಯನ್ನು ಠಾಣೆಯ ಕಾಗದಪತ್ರ ನೋಡಿಕೊಳ್ಳುವ ರೈಟರ್ ಕೈಗೆ ಕೊಟ್ಟಳು. ಅವನು ಓದಿ, ಅವಳ ಮುಖ ನೋಡದೆ ಒಳಗೆ ಹೋದ. ನಗು ನಿಂತಿತು. ಕಲಾವತಿ ಅಲ್ಲೇ ಮೇಜಿನ ಮೇಲೆ ಡಬ್ಬಿ ಬಿಚ್ಚಿದಳು.